ಡೆಂಟಲ್ ಚೇರಿನ ಪಕ್ಕದಲ್ಲಿ ನಿಲ್ಲುವವರು

ಹಾಸನದ ಬಿ.ಎಂ. ರಸ್ತೆಯ ಆಸುಪಾಸಿನಲ್ಲಿ ಹಲ್ಲಿನ ಚಿತ್ರವಿರುವ ಫಲಕಗಳಿಗೆ ಬರವಿಲ್ಲ. ಒಳಗೆ ಹೋದರೆ ಸಾಮಾನ್ಯವಾಗಿ ಒಂದು ಚೇರ್, ಒಬ್ಬ ವೈದ್ಯರು, ಒಬ್ಬ ಸಹಾಯಕಿ. ಅಂಥದ್ದೊಂದು ಕ್ಲಿನಿಕ್‌ನಲ್ಲಿ ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡೆ. ಮೊದಲ ಸಲ ವೈದ್ಯರು ಕೈ ಚಾಚುವ ಮೊದಲೇ ಸಹಾಯಕಿ ಹಲ್ಲಿನ ಬೇರಿನ ಒಳಗನ್ನು ಕೆರೆದು ಶುಚಿಮಾಡುವ, ಸೂಜಿಯಂಥ ಮುಂದಿನ ಫೈಲ್ ಕೊಡುತ್ತಿದ್ದರು, ಎಂಜಲು ಹೀರುವ ಕೊಳವೆಯನ್ನು ಕೆನ್ನೆಯ ಒಳಗೆ ಸರಿಯಾದ ಜಾಗದಲ್ಲಿ ಹಿಡಿದಿದ್ದರು. ಮೂರನೆಯ ಸಲ ಹೋದಾಗ ಆಕೆ ಇರಲಿಲ್ಲ. ಒಂದು ಕೈಯಲ್ಲಿ ಕೊಳವೆ, ಇನ್ನೊಂದರಲ್ಲಿ ಉಪಕರಣ ಹಿಡಿದ ವೈದ್ಯರು ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಬಗ್ಗಿ ನಿಂತರು. ಬೇರಿನ ಒಳಗೆ ಎಂಜಲು ಇಳಿದರೆ ಸೋಂಕು ಮರಳುತ್ತದೆ. ಹಾಗಾಗಿ ಅವಸರ ಮಾಡುವಂತೆಯೂ ಇರಲಿಲ್ಲ.

ದಂತವೈದ್ಯರ ಬೇಸರದ ಮಾತು ಬಂದರೆ ನಾವು ಆದಾಯವನ್ನಷ್ಟೇ ಲೆಕ್ಕ ಹಾಕುತ್ತೇವೆ. ಪಕ್ಕದ ಎರಡು ಕೈಗಳು ಪದೇಪದೇ ಬದಲಾಗುವುದು ಅವರನ್ನು ಎಷ್ಟು ಸವೆಸುತ್ತದೆ ಎಂಬುದು ನನಗೆ ಅಂದು ಅರ್ಥವಾಯಿತು.

ಇದರ ಬೇರು ಹಳೆಯದು. ದೇಶದ ಮೊದಲ ದಂತ ವೈದ್ಯಕೀಯ ಕಾಲೇಜು 1920ರಲ್ಲಿ ಕೋಲ್ಕತ್ತದಲ್ಲಿ ಆರಂಭವಾಯಿತು. 1948ರ ದಂತವೈದ್ಯರ ಕಾಯ್ದೆ ಮೂವರನ್ನು ಗುರುತಿಸಿತು: ದಂತವೈದ್ಯರು, ಹಲ್ಲು ಶುಚಿಗೊಳಿಸುವ ಹೈಜೀನಿಸ್ಟ್‌ಗಳು, ಕಟ್ಟುಹಲ್ಲು ತಯಾರಿಸುವ ಮೆಕ್ಯಾನಿಕ್‌ಗಳು. ಚೇರಿನ ಪಕ್ಕದಲ್ಲಿ ನಿಲ್ಲುವವರಿಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜು ಬಂತು, ಆಮೇಲೆ ಖಾಸಗಿ ಕಾಲೇಜುಗಳ ಸಾಲು. ಹಾಸನಕ್ಕೂ ಹಾಸನಾಂಬ ದಂತ ಕಾಲೇಜು ಸಿಕ್ಕಿತು. ಈಗ ದೇಶದಲ್ಲಿ 300ಕ್ಕೂ ಹೆಚ್ಚು ಕಾಲೇಜುಗಳಿವೆ. ವೈದ್ಯರನ್ನು ತಯಾರು ಮಾಡಿದಷ್ಟು ಶ್ರದ್ಧೆಯಿಂದ ಅವರ ಜೊತೆ ದುಡಿಯುವವರನ್ನು ನಾವು ತಯಾರು ಮಾಡಲಿಲ್ಲ.

ಹಾಗಾಗಿ ಸಣ್ಣ ಕ್ಲಿನಿಕ್‌ನ ಸಹಾಯಕಿ ಕೆಲಸ ಕಲಿಯುವುದು ನೋಡಿ ನೋಡಿಯೇ. ಎರಡು ವರ್ಷದಲ್ಲಿ ಕೈ ಪಳಗುತ್ತದೆ, ಆದರೆ ತೋರಿಸಲು ಪ್ರಮಾಣಪತ್ರವಿಲ್ಲ. ಪಿಎಫ್ ಕಡ್ಡಾಯವಾಗುವುದು 20 ಮಂದಿ ದುಡಿಯುವ ಕಡೆ; ಒಬ್ಬಳೇ ಇರುವ ಕ್ಲಿನಿಕ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಊರ ಹೊರಗಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅದು ಸಿಗುತ್ತದೆ. ಆಕೆ ಅಲ್ಲಿಗೆ ಹೋದರೆ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹೊಸದಾಗಿ ಓದಿ ಬಂದ ಕಿರಿಯ ವೈದ್ಯರ ಪಾಡೂ ಹೆಚ್ಚು ಬೇರೆಯಲ್ಲ. ಕಮಿಷನ್ ಲೆಕ್ಕದಲ್ಲಿ ಕೆಲವು ತಿಂಗಳು ದುಡಿದು ಬೆಂಗಳೂರಿನ ಹಾದಿ ಹಿಡಿಯುತ್ತಾರೆ.

1948ರ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಒಂದೇ ಚೇರಿನ ಕ್ಲಿನಿಕ್‌ನಲ್ಲಿ ತರಬೇತಿಯ ಹೊರೆ ಮಾತ್ರ ಇನ್ನೂ ವೈದ್ಯರ ಹೆಗಲ ಮೇಲೆಯೇ ಇದೆ.

ಕ್ಯಾಪ್ ಹಾಕಿಸಿಕೊಳ್ಳಲು ಹೋದ ದಿನ ಹೊಸ ಹುಡುಗಿಯೊಬ್ಬಳು ಬಂದಿದ್ದಳು. ನಾನು ಕಾಯುತ್ತಿದ್ದಾಗ ವೈದ್ಯರು ಫೈಲ್‌ಗಳ ಪೆಟ್ಟಿಗೆ ತೆರೆದು, ಬಣ್ಣದ ಹಿಡಿಗಳನ್ನು ಒಂದೊಂದಾಗಿ ಮುಟ್ಟಿ ಯಾವ ಬಣ್ಣ ಯಾವ ಅಳತೆಯದು ಎಂದು ಹೇಳಿಕೊಡುತ್ತಿದ್ದರು: "ಬಿಳಿ ಹದಿನೈದು, ಹಳದಿ ಇಪ್ಪತ್ತು, ಕೆಂಪು ಇಪ್ಪತ್ತೈದು. ಎಲ್ಲಿ, ಈಗ ನೀನು ಹೇಳಮ್ಮ."