ಎರಡನೇ ಮುದ್ದೆಗೆ ಮುಂಚೆ: ಮೈಂಡ್‌ಫುಲ್ ಈಟಿಂಗ್ ಅಂದರೆ ಏನು?

ಪ್ರತಿ ತುತ್ತನ್ನೂ 32 ಸಲ ಅಗಿದು ನುಂಗಿ ಎಂಬ ಸಲಹೆ ಕೋಲಾರ, ತುಮಕೂರಿನ ಊಟದ ತಟ್ಟೆಯ ಮುಂದೆ ಬಂದರೆ ಪೇಚಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ತಟ್ಟೆಯಲ್ಲಿರುವುದು ಮುದ್ದೆ. ತುಮಕೂರಿನ ಹಳ್ಳಿಗಳಲ್ಲಿ ಅದಕ್ಕೆ ಹಿಟ್ಟು ಅಂತಲೇ ಹೆಸರು. ಅದನ್ನು ಯಾರೂ ಅಗಿಯುವುದಿಲ್ಲ. ಬೇರೆ ಕಡೆಯಿಂದ ಬಂದ ನೆಂಟರು ಅಗಿಯೋಕೆ ಹೋದರೆ ಪಕ್ಕದಲ್ಲಿ ಕೂತವರು "ಅಗೀಬೇಡಿ, ಹಲ್ಲಿಗೆ ಮೆತ್ಕೊಳ್ತದೆ, ಸಾರಲ್ಲಿ ಅದ್ದಿ ಹಂಗೇ ನುಂಗಿ" ಅಂತ ಹೇಳಿಯೇ ಹೇಳುತ್ತಾರೆ. ಹಾಗಾದರೆ ಈಚೆಗೆ ಡಾಕ್ಟರುಗಳು, ಡಯೆಟಿಷಿಯನ್‌ಗಳು ಮತ್ತೆ ಮತ್ತೆ ಹೇಳುತ್ತಿರುವ ಮೈಂಡ್‌ಫುಲ್ ಈಟಿಂಗ್, ಅಂದರೆ ಊಟದ ಮೇಲೆ ಗಮನವಿಟ್ಟು ಉಣ್ಣುವುದು, ಮುದ್ದೆ ಉಣ್ಣುವವರಿಗೆ ಹೊಂದುವುದೇ ಇಲ್ಲವೇ? ಚೆನ್ನಾಗಿಯೇ ಹೊಂದುತ್ತದೆ. ಏಕೆಂದರೆ ಅಗಿತದ ಲೆಕ್ಕಕ್ಕೂ ಅದರ ತಿರುಳಿಗೂ ಸಂಬಂಧ ಕಡಿಮೆ.

32ರ ಲೆಕ್ಕವನ್ನು ಊರೂರಿಗೆ ಹಬ್ಬಿಸಿದವರಲ್ಲಿ ಅಮೆರಿಕದ ಹೊರೇಸ್ ಫ್ಲೆಚರ್ (1849–1919) ಮುಖ್ಯರು. ಆಹಾರ ಬಾಯಲ್ಲೇ ನೀರಾಗುವ ತನಕ ಅಗಿಯಬೇಕು ಎಂಬುದು ಅವರ ವಾದ. ಮೈಂಡ್‌ಫುಲ್ ಈಟಿಂಗ್ ಹುಟ್ಟಿದ್ದು ಬೇರೆ ಕಡೆ. 1979ರಲ್ಲಿ ಜಾನ್ ಕಬಾಟ್-ಝಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಬಹುಕಾಲದ ನೋವು ಮತ್ತು ಒತ್ತಡದಿಂದ ನರಳುವವರಿಗಾಗಿ ಒಂದು ತರಬೇತಿ ಶುರುಮಾಡಿದರು. ಬೌದ್ಧ ಧ್ಯಾನದ ಅಭ್ಯಾಸಗಳನ್ನು ಧರ್ಮದ ಚೌಕಟ್ಟಿನಿಂದ ಹೊರಗೆ ತಂದು ಆಸ್ಪತ್ರೆಗೆ ಹೊಂದಿಸಿದ ತರಬೇತಿ ಅದು. ಅದರಲ್ಲಿ ಊಟಕ್ಕೆ ಸಂಬಂಧಿಸಿದ ಒಂದು ಪಾಠವಿತ್ತು. ಆಮೇಲೆ ಜೀನ್ ಕ್ರಿಸ್ಟೆಲರ್ ಎಂಬ ಮನಶ್ಶಾಸ್ತ್ರಜ್ಞೆ, ತಡೆಯಲಾಗದೆ ಅತಿಯಾಗಿ ತಿನ್ನುವ ತೊಂದರೆ ಇರುವವರಿಗೆಂದೇ ಆ ಪಾಠವನ್ನು ಪ್ರತ್ಯೇಕ ತರಬೇತಿಯಾಗಿ ಬೆಳೆಸಿದರು.

ಅದರ ಅರ್ಥ ಇಷ್ಟು: ನಿಜವಾಗಿ ಹಸಿವಾಗಿದೆಯೇ ಎಂದು ನೋಡಿಕೊಂಡು ಊಟಕ್ಕೆ ಕೂರುವುದು. ಉಣ್ಣುವಾಗ ರುಚಿ, ವಾಸನೆ, ಬಿಸಿ, ಮೆದು, ಗಟ್ಟಿ ಇವುಗಳ ಮೇಲೆ ಗಮನ ಇಟ್ಟಿರುವುದು. ಹೊಟ್ಟೆ ತುಂಬುತ್ತಾ ಬಂದದ್ದನ್ನು ಗುರುತಿಸುವುದು, ಗುರುತಿಸಿದ ಮೇಲೆ ಕೈ ತೊಳೆಯುವುದು. ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿ ಇದರಲ್ಲಿಲ್ಲ. ಹೋಳಿಗೆಯೂ ಇರಬಹುದು, ಬಾಡೂಟವೂ ಇರಬಹುದು. ಹಾಗಾಗಿ ಇದನ್ನು ಡಯೆಟ್ ಅಂತ ಕರೆಯುವುದು ತಪ್ಪು.

ಕಬಾಟ್-ಝಿನ್ ಅವರ ಪಾಠದಲ್ಲಿ ಬಳಸುತ್ತಿದ್ದದ್ದು ಒಂದೇ ಒಂದು ಒಣದ್ರಾಕ್ಷಿ. ಅದನ್ನು ಅಂಗೈಯಲ್ಲಿಟ್ಟು ನೋಡಿ, ಮೂಸಿ, ನಾಲಿಗೆಯ ಮೇಲೆ ಇಟ್ಟುಕೊಂಡು, ಆಮೇಲೆ ನಿಧಾನವಾಗಿ ಕಚ್ಚಬೇಕು. ಚಿಕ್ಕಬಳ್ಳಾಪುರದವರು ಒಣದ್ರಾಕ್ಷಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ಲಿಯ ತೋಟಗಳ ಬೆಂಗಳೂರು ಬ್ಲೂ ದ್ರಾಕ್ಷಿ ಈ ಪಾಠಕ್ಕೆ ಅದಕ್ಕಿಂತ ಚೆನ್ನಾಗಿ ಒದಗುತ್ತದೆ. ಕಪ್ಪು-ನೇರಳೆ ಬಣ್ಣದ ಹಣ್ಣಿನ ಮೇಲೆ ತೆಳ್ಳಗೆ ಬೂದಿ ಸವರಿದಂತೆ ಬಿಳಿ ಪೊರೆ. ಬೆರಳಿನಿಂದ ಒರೆಸಿದರೆ ಅಡಿಯ ಬಣ್ಣ ಮಿಂಚುತ್ತದೆ. ಹಲ್ಲು ಊರಿದ ತಕ್ಷಣ ದಪ್ಪ ಸಿಪ್ಪೆಯಿಂದ ತಿರುಳು ಜಾರಿ ನಾಲಿಗೆಗೆ ಬೀಳುತ್ತದೆ, ಸಿಹಿ ಬರುತ್ತದೆ. ಸಿಪ್ಪೆ ಕಚ್ಚಿದರೆ ಹುಳಿ, ಅದರ ಹಿಂದೆಯೇ ಸ್ವಲ್ಪ ಒಗರು. ಕೊನೆಗೆ ಬೀಜಗಳನ್ನು ನಾಲಿಗೆಯಿಂದ ಬೇರೆ ಮಾಡಿ ಉಗಿಯಬೇಕು. ಬೀಜವಿಲ್ಲದ ದ್ರಾಕ್ಷಿಯನ್ನು ಟಿವಿ ನೋಡುತ್ತಾ ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳಬಹುದು. ಇದನ್ನು ಹಾಗೆ ತಿನ್ನಲಾಗದು, ಹಣ್ಣೇ ತಡೆಯುತ್ತದೆ. ಒಂದು ಗೊಂಚಲಿನಲ್ಲಿ ಮೊದಲ ನಾಲ್ಕೈದು ಹಣ್ಣನ್ನಾದರೂ ಹೀಗೆ ತಿಂದು ನೋಡಿದವರಿಗೆ ಮೈಂಡ್‌ಫುಲ್ ಈಟಿಂಗ್ ಏನೆಂದು ಬೇರೆ ಹೇಳಬೇಕಾಗಿಲ್ಲ.

ನಿಧಾನಕ್ಕೂ ಆರೋಗ್ಯಕ್ಕೂ ಇರುವ ನಂಟು ಹೊಟ್ಟೆ ಮತ್ತು ಮಿದುಳಿನ ನಡುವಿನ ಸಂಪರ್ಕದಲ್ಲಿದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಎರಡು ದಾರಿಯಲ್ಲಿ ಮೇಲಕ್ಕೆ ಹೋಗುತ್ತದೆ. ಜಠರ ಹಿಗ್ಗಿದ್ದನ್ನು ವೇಗಸ್ ನರ ಬೇಗ ಮುಟ್ಟಿಸುತ್ತದೆ. ಇನ್ನೊಂದು ದಾರಿ ನಿಧಾನದ್ದು. ಆಹಾರ ಸಣ್ಣಕರುಳಿಗೆ ಇಳಿದ ಮೇಲೆ ಅಲ್ಲಿಯ ಕೋಶಗಳು ಸಿಸಿಕೆ, ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಹಾರ್ಮೋನನ್ನು. ಹಸಿವನ್ನು ಎಬ್ಬಿಸುವುದು ಗ್ರೆಲಿನ್ ಎಂಬ ಹಾರ್ಮೋನು. ಜಪಾನಿನ ವಿಜ್ಞಾನಿಗಳು 1999ರಲ್ಲಿ ಇದನ್ನು ಕಂಡುಹಿಡಿದರು. ಉಂಡ ಮೇಲೆ ಅದರ ಮಟ್ಟ ಇಳಿಯಬೇಕು. ಇವೆಲ್ಲ ಕೂಡಿಬರಲು ಸುಮಾರು 20 ನಿಮಿಷ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಳಿನಿಂದ ಆಳಿಗೆ, ಊಟದಿಂದ ಊಟಕ್ಕೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಐದು ನಿಮಿಷದಲ್ಲಂತೂ ಆಗುವುದಿಲ್ಲ.

2010ರಲ್ಲಿ ಪ್ರಕಟವಾದ ಗ್ರೀಸ್ ದೇಶದ ಒಂದು ಅಧ್ಯಯನದಲ್ಲಿ 17 ಮಂದಿ ಆರೋಗ್ಯವಂತ ಗಂಡಸರಿಗೆ 300 ಮಿಲಿಲೀಟರ್ ಐಸ್‌ಕ್ರೀಮ್ ಕೊಟ್ಟಿದ್ದರು. ಒಂದು ದಿನ 5 ನಿಮಿಷದಲ್ಲಿ ಮುಗಿಸಬೇಕು, ಇನ್ನೊಂದು ದಿನ ಅಷ್ಟನ್ನೇ 30 ನಿಮಿಷ ಹಿಡಿದು ತಿನ್ನಬೇಕು. ಅರ್ಧ ಗಂಟೆ ಹಿಡಿದು ತಿಂದ ದಿನ ಪಿವೈವೈ ಮತ್ತು ಜಿಎಲ್‌ಪಿ-1 ಎರಡೂ ರಕ್ತದಲ್ಲಿ ಹೆಚ್ಚು ಏರಿದವು. ಐಸ್‌ಕ್ರೀಮ್ ಅದೇ, ಅಳತೆ ಅದೇ, ಬೇರೆಯಾಗಿದ್ದು ವೇಗ ಮಾತ್ರ.

ಈಗ ಮುದ್ದೆಗೆ ಬರೋಣ. ಕೋಲಾರದ ಯಾವುದೇ ಮುದ್ದೆ ಹೋಟೆಲಿನಲ್ಲಿ ಮಧ್ಯಾಹ್ನ ಕೂತು ನೋಡಿ. ತಟ್ಟೆಗೆ ಮುದ್ದೆ ಬೀಳುತ್ತದೆ, ಪಕ್ಕದಲ್ಲಿ ಬಸ್ಸಾರು. ಅರ್ಧ ಮುಗಿಯುವಷ್ಟರಲ್ಲಿ ಬಡಿಸುವ ಹುಡುಗ ಬಂದು "ಅಣ್ಣ, ಇನ್ನೊಂದ್ ಹಾಕ್ಲಾ?" ಅನ್ನುತ್ತಾನೆ. "ಹಾಕಪ್ಪ" ಅನ್ನುವುದು ಬಾಯಿಗೆ ಬಂದುಬಿಡುತ್ತದೆ. ಊಟ ಶುರುವಾಗಿ ಆಗ ಐದಾರು ನಿಮಿಷ ಕಳೆದಿರಬಹುದು. ಕರುಳಿನ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ, ಎರಡನೇ ಮುದ್ದೆಯ ತೀರ್ಮಾನ ಆಗಿಹೋಯಿತು. ಈ ಭಾಗದ ಊಟದಲ್ಲಿ ಮೈಂಡ್‌ಫುಲ್ ಈಟಿಂಗ್ ಕೆಲಸಕ್ಕೆ ಬರುವುದು ಸರಿಯಾಗಿ ಈ ಹೊತ್ತಿನಲ್ಲಿ ಅಂತ ನನಗೆ ಅನ್ನಿಸುತ್ತದೆ. "ಸ್ವಲ್ಪ ಇರಪ್ಪ, ಹೇಳ್ತೀನಿ" ಎಂದು ಆ ತೀರ್ಮಾನವನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೂ ಹಸಿವಿದ್ದರೆ ಧಾರಾಳವಾಗಿ ಹಾಕಿಸಿಕೊಳ್ಳಿ.

ಮುದ್ದೆಯ ಊಟದೊಳಗೇ ನಿಧಾನ ಮಾಡಿಸುವ ಗುಣಗಳಿವೆ. ಬಿಸಿ ಮುದ್ದೆಯನ್ನು ನಡುವಿನಿಂದ ಮುರಿಯಲಾಗದು, ಬೆರಳು ಸುಡುತ್ತದೆ. ಅಂಚಿನಿಂದ ಚೂರು ಮುರಿದು, ಹೆಬ್ಬೆರಳಲ್ಲಿ ಒತ್ತಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಡಬೇಕು. ತುತ್ತು ದೊಡ್ಡದಾದರೆ ಗಂಟಲಲ್ಲಿ ನಿಲ್ಲುತ್ತದೆ, ಬಿಸಿ ಜಾಸ್ತಿಯಾದರೆ ಎದೆಯವರೆಗೂ ಸುಡುತ್ತದೆ. ಬಸ್ಸಾರಿನ ಜೊತೆ ಪಲ್ಯ ಇದ್ದೇ ಇರುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಮುದ್ದೆ ನುಂಗುವುದಕ್ಕೆ, ಪಲ್ಯ ಅಗಿಯುವುದಕ್ಕೆ. ಎರಡು ತುತ್ತು ಮುದ್ದೆಗೆ ಒಂದು ಬಾಯಿ ಅವರೆಕಾಳೋ ಹುರುಳಿಕಾಳೋ ಸೇರಿದರೆ ಊಟದ ವೇಗ ತಾನಾಗಿ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ಪಲ್ಯವನ್ನೇ ಮೊದಲು ತಿಂದರೆ ಇನ್ನೊಂದು ಲಾಭವಿದೆ: ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋಗಿ ಪಿಷ್ಟದ ಆಹಾರ ಆಮೇಲೆ ಹೋದರೆ, ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

ಪಲ್ಯ ಬಿಟ್ಟು, ಆರಿದ ಮುದ್ದೆಗೆ ತಿಳಿಸಾರು ಸುರಿದುಕೊಂಡರೆ ಈ ತಡೆಗಳೆಲ್ಲ ಹೋಗುತ್ತವೆ, ಐದು ನಿಮಿಷದಲ್ಲಿ ಊಟ ಮುಗಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 10 ಗ್ರಾಂಗಿಂತ ಹೆಚ್ಚು ನಾರು ಇರುವುದು ನಿಜ. 60 ಗ್ರಾಂಗಿಂತ ಹೆಚ್ಚು ಪಿಷ್ಟದ ಅಂಶ ಇರುವುದೂ ಅಷ್ಟೇ ನಿಜ. ರಾಗಿ ಒಳ್ಳೆಯದು ಎಂಬ ಮಾತು ಎಷ್ಟು ಬೇಕಾದರೂ ಉಣ್ಣಲು ಪರವಾನಗಿ ಆಗಬಾರದು. ದಿನವಿಡೀ ಗುದ್ದಲಿ ಹಿಡಿದವರ ಅಳತೆಯ ಮುದ್ದೆಯನ್ನು ದಿನವಿಡೀ ಕುರ್ಚಿಯಲ್ಲಿ ಕೂತವರು ಉಣ್ಣುವ ಮನೆಗಳು ನಮ್ಮಲ್ಲಿ ಬಹಳ ಇವೆ.

ಮೆತ್ತಗಿನ, ಸುಲಭವಾಗಿ ಒಳಗೆ ಹೋಗುವ ಆಹಾರ ವೇಗ ಹೆಚ್ಚಿಸುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಅವರ ತಂಡ 2019ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಅಡುಗೆ. ಬಡಿಸಿದ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಹೊಂದಿಕೆಯಾಗಿದ್ದವು, ಎಷ್ಟು ಬೇಕೋ ಅಷ್ಟು ತಿನ್ನಬಹುದಿತ್ತು. ಸಂಸ್ಕರಿತ ಆಹಾರದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ವೇಗವಾಗಿಯೂ ತಿಂದರು, ತೂಕ ಸುಮಾರು ಒಂದು ಕೆ.ಜಿ. ಏರಿತು. ಬೇಕರಿಯ ಬನ್ನು, ಚಿಪ್ಸ್, ಪಾಕೀಟಿನ ಬಿಸ್ಕತ್ತು ಎಷ್ಟು ಹೋಯಿತೆಂದು ಗೊತ್ತಾಗದೆ ಖಾಲಿಯಾಗುವುದಕ್ಕೂ ಇದು ಹೊಂದುತ್ತದೆ. ಜೊತೆಗೆ ಕೈಯಲ್ಲಿ ಮೊಬೈಲು ಇದ್ದರೆ ಕೇಳುವುದೇ ಬೇಡ. ತಿಂದದ್ದು ನೆನಪಿನಲ್ಲೇ ಸರಿಯಾಗಿ ಉಳಿಯುವುದಿಲ್ಲ.

ನಿಧಾನ ಒಳ್ಳೆಯದು ಎಂದರೆ ಎಷ್ಟು ನಿಧಾನ? ಆಯುರ್ವೇದದ ಚರಕ ಸಂಹಿತೆಯ ವಿಮಾನಸ್ಥಾನ ಎಂಬ ಭಾಗದಲ್ಲಿ ಊಟದ ವಿಧಿ ಹೇಳುವಾಗ ನಾತಿದ್ರುತಂ, ನಾತಿವಿಲಂಬಿತಂ ಎಂದಿದೆ: ಬಹಳ ಅವಸರವೂ ಬೇಡ, ಬಹಳ ತಡವೂ ಬೇಡ. ಅವಸರದಲ್ಲಿ ಉಂಡವನಿಗೆ ಊಟದ ಗುಣದೋಷ ತಿಳಿಯುವುದಿಲ್ಲ. ತೀರಾ ಎಳೆದಾಡುತ್ತಾ ಉಂಡವನು ತೃಪ್ತಿ ಸಿಗದೆ ಹೆಚ್ಚು ತಿನ್ನುತ್ತಾನೆ, ಊಟವೂ ಆರಿಹೋಗುತ್ತದೆ ಎನ್ನುತ್ತದೆ. ಅದರಲ್ಲೇ ಮನಸ್ಸಿಟ್ಟು ಉಣ್ಣಬೇಕು ಎಂಬ ಮಾತೂ ಅಲ್ಲೇ ಇದೆ. ಆರಿದ ಮುದ್ದೆ ಹೇಗೆ ಬಿಗಿಯುತ್ತದೆಂದು ಬಲ್ಲವರಿಗೆ ಇದು ಹೊಸ ಮಾತೇನಲ್ಲ. ಆದರೆ ಮಾತೂ ಬೇಡ, ನಗುವೂ ಬೇಡ ಎಂಬ ಅದೇ ವಿಧಿಯನ್ನು ನಾನು ಪೂರ್ತಿ ಒಪ್ಪಲಾರೆ. ಮನೆಮಂದಿ ಒಟ್ಟಿಗೆ ಕೂತು ನಾಲ್ಕು ಮಾತಾಡುತ್ತಾ ಉಣ್ಣುವುದು ಊಟವನ್ನು ನಿಧಾನ ಮಾಡುತ್ತದೆ, ಮನಸ್ಸಿಗೂ ಹಿತ.

ಹಾಗಂತ ಹಿಂದಿನ ಕಾಲದವರೆಲ್ಲ ನೆಮ್ಮದಿಯಾಗಿ ಕೂತು ಉಣ್ಣುತ್ತಿದ್ದರು ಎಂದು ಹೇಳಿದರೆ ಅನ್ಯಾಯವಾದೀತು. ಹೆಂಗಸರು ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು, ಆರಿದ್ದನ್ನು, ಒಲೆಯ ಮುಂದೆಯೇ ಬೇಗ ಬೇಗ ಉಂಡು ಏಳುತ್ತಿದ್ದರು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹಾಗೇ ನಡೆದಿದೆ. "ನೀನೂ ತಟ್ಟೆ ಇಟ್ಕೊಂಡು ಕೂತ್ಕೊಳವ್ವ, ಬೇಕಾದ್ದು ನಾವೇ ಬಡಿಸ್ಕೊಳ್ತೀವಿ" ಅಂತ ಮನೆಯವರು ಹೇಳದ ಹೊರತು, ಆಕೆಗೆ ನಿಧಾನವಾಗಿ ಉಣ್ಣು ಎಂದು ಬುದ್ಧಿ ಹೇಳಿ ಏನು ಪ್ರಯೋಜನ? ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರದ ಕಾರ್ಖಾನೆಗಳ ಹುಡುಗ ಹುಡುಗಿಯರ ಪಾಡೂ ಇದೇ. ಐದು ಗಂಟೆ ಕೆಲಸ ದಾಟುವ ಮುಂಚೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂಬ ನಿಯಮವನ್ನು 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟಿತು. ಆ ಅರ್ಧ ಗಂಟೆಯಲ್ಲೇ ಕೈ ತೊಳೆಯುವುದು, ಕ್ಯಾಂಟೀನಿನ ಸಾಲು, ವಾಪಸು ಲೈನಿಗೆ ನಡೆಯುವುದು ಎಲ್ಲ ಆಗಬೇಕು. ಉಣ್ಣಲು ಉಳಿಯುವ ಸಮಯ ಎಷ್ಟೆಂದು ಕ್ಯಾಂಟೀನು ನಡೆಸುವವರು ಗಡಿಯಾರ ನೋಡಿ ಲೆಕ್ಕ ಹಾಕಬೇಕು. ಇನ್ನೊಂದು ಕೌಂಟರ್ ಹೆಚ್ಚಿಗೆ ತೆರೆದರೂ ಆರೋಗ್ಯ ಶಿಬಿರದಷ್ಟೇ ಉಪಕಾರ.

ಬೆಳಿಗ್ಗೆ ಬೆಂಗಳೂರಿಗೆ ಓಡುವವರಿಗೆ ಮೂರು ಹೊತ್ತೂ ಹೀಗೆ ಉಣ್ಣಲು ಆಗುವುದಿಲ್ಲ, ಆಗಲೇಬೇಕೆಂದೂ ಇಲ್ಲ. ರಾತ್ರಿಯ ಒಂದು ಊಟದಿಂದ ಶುರುಮಾಡಿದರೆ ಸಾಕು. ಟಿವಿ ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಕೂತು ಉಣ್ಣಿ. ಮೊದಲು ಅರ್ಧ ಮುದ್ದೆ ಹಾಕಿಸಿಕೊಳ್ಳಿ. ಮೊದಲ ಮೂರು ತುತ್ತಿನ ರುಚಿಯನ್ನು ಗಮನಿಸಿ. ಸಾರಿಗೆ ಉಪ್ಪು ಸರಿಯಿದೆಯೇ, ಅವರೆಯ ಸೊಗಡು ಬಂದಿದೆಯೇ ಅಂತ. ನಡುವೆ ಒಮ್ಮೆ ಕೈ ನಿಲ್ಲಿಸಿ ಹೊಟ್ಟೆ ಏನು ಹೇಳುತ್ತಿದೆ ಕೇಳಿ. ಹಸಿವಿಲ್ಲದೆ ಬೇಜಾರಿಗೋ ಸಿಟ್ಟಿಗೋ ಕೈ ಡಬ್ಬಿಗೆ ಹೋದಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಬಹುದು.

ಅವಸರ ಕಡಿಮೆಯಾದರೆ ಊಟದ ಜೊತೆ ಗಾಳಿ ನುಂಗುವುದು ಕಡಿಮೆಯಾಗಿ ತೇಗು, ಹೊಟ್ಟೆಯುಬ್ಬರ ಇಳಿಯಬಹುದು. ವೇಗವಾಗಿ ಉಣ್ಣುವವರಲ್ಲಿ ಬೊಜ್ಜು ಹೆಚ್ಚು ಎಂದು ಜಪಾನಿನ ಹಲವು ಅಧ್ಯಯನಗಳು ಕಂಡುಕೊಂಡಿವೆ. ಇವು ಎರಡರ ನಡುವಿನ ನಂಟನ್ನು ತೋರಿಸುತ್ತವೆ, ಒಂದರಿಂದಲೇ ಇನ್ನೊಂದು ಆಯಿತೆಂದು ಸಾಧಿಸುವುದಿಲ್ಲ. ಇದು ಔಷಧಿಗೆ ಬದಲಿಯಂತೂ ಅಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಹಸಿವಿಲ್ಲವೆಂದು ಊಟ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅಂಥವರು ಡಾಕ್ಟರನ್ನು ಕೇಳದೆ ಊಟದ ಹೊತ್ತು, ಅಳತೆ ಬದಲಿಸಬಾರದು. ಪಾರ್ಶ್ವವಾಯು ಆದವರಿಗೆ, ನುಂಗುವಾಗ ಕೆಮ್ಮು ಬರುವ ವಯಸ್ಸಾದವರಿಗೆ ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಅವರಿಗೆ ಮುದ್ದೆಯ ಬದಲು ಏನನ್ನು, ಎಷ್ಟು ಗಟ್ಟಿಯಾಗಿ ಕೊಡಬಹುದೆಂದು ಡಾಕ್ಟರನ್ನು ಕೇಳಿಕೊಂಡು, ನೆಟ್ಟಗೆ ಕೂರಿಸಿ, ಬಾಯಿ ಖಾಲಿಯಾದ ಮೇಲೆಯೇ ಮುಂದಿನ ಚಮಚ ಕೊಡಬೇಕು.