ತಗಡಿನೊಳಗಿನ ಹರಳುಗಳು ಒಂದೇ ದಿಕ್ಕಿಗೆ ತಿರುಗಿದ ಕಥೆ

ಟ್ರಾನ್ಸ್‌ಫಾರ್ಮರ್ ಕೋರ್‌ಗೆ ಹಾಕುವ ಸಿಲಿಕಾನ್ ಸ್ಟೀಲ್ ತಗಡಿನ ದಪ್ಪ ಸಾಮಾನ್ಯವಾಗಿ 0.23ರಿಂದ 0.30 ಮಿ.ಮೀ. ಮೇಲಿನ ಬೂದು ಲೇಪವನ್ನು ಆಮ್ಲದಿಂದ ಕಳಚಿದರೆ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದೂ ಸೆಂಟಿಮೀಟರ್ ಆಸುಪಾಸಿನವು, ಕೆಲವು ಇನ್ನೂ ದೊಡ್ಡವು. ಸಾಮಾನ್ಯ ಉಕ್ಕಿನಲ್ಲಾದರೆ ಹರಳು ನೋಡಲು ಮೈಕ್ರೋಸ್ಕೋಪ್ ಬೇಕು. ಇಲ್ಲಿ ಅವೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ.

ಸಿಲಿಕಾನ್ ಬೆರೆಸಿದರೆ ಕಬ್ಬಿಣದ ವಿದ್ಯುತ್ ರೋಧ ಏರಿ, ಶಾಖವಾಗಿ ಪೋಲಾಗುವ ಶಕ್ತಿಯ ನಷ್ಟ ತಗ್ಗುತ್ತದೆ ಎಂಬುದು 1900ರ ಹೊತ್ತಿಗೆ ಹ್ಯಾಡ್‌ಫೀಲ್ಡ್, ಬ್ಯಾರೆಟ್ ಮುಂತಾದವರ ಕೆಲಸದಿಂದ ಗೊತ್ತಾಗಿತ್ತು. ದಿಕ್ಕಿನ ಮಹತ್ವ ತಿಳಿದದ್ದು ಆಮೇಲೆ. 1926ರಲ್ಲಿ ಜಪಾನಿನ ಹೋಂಡಾ ಮತ್ತು ಕಾಯಾ ಕಬ್ಬಿಣದ ಒಂಟಿ ಹರಳನ್ನು ಅಳೆದು ನೋಡಿದರು. ಹರಳಿನಲ್ಲಿ ಪರಮಾಣುಗಳು ಜೋಡಿಸಿಕೊಂಡಿರುವ ಘನಾಕೃತಿಯ ಅಂಚಿನ ಗುಂಟ ಅದು ಸಲೀಸಾಗಿ ಕಾಂತವಾಗುತ್ತಿತ್ತು. ಎದುರುಬದುರು ಮೂಲೆಗಳ ನಡುವೆ ಅತ್ಯಂತ ಕಷ್ಟದಿಂದ. ಆ ಅಂಚನ್ನು ತಗಡಿನ ಉದ್ದಕ್ಕೆ ಹೊಂದಿಸುವ ದಾರಿಗೆ 1934ರಲ್ಲಿ ಅಮೆರಿಕದ ನಾರ್ಮನ್ ಗಾಸ್ ಪೇಟೆಂಟ್ ಪಡೆದರು. ತಗಡನ್ನು ತಣ್ಣಗೆ ರೋಲ್ ಮಾಡುವುದು, ಕಾಯಿಸುವುದು, ಮತ್ತೆ ರೋಲ್ ಮಾಡಿ ಮತ್ತೆ ಕಾಯಿಸುವುದು. ಅಂಥ ಹರಳಿಗೆ ಇವತ್ತಿಗೂ ಗಾಸ್ ಹರಳು ಎಂದೇ ಹೆಸರು.

ಇದರ ಗುಟ್ಟು ಬಿಡಿಸಲು ಇನ್ನೂ ಎರಡು ದಶಕ ಹಿಡಿಯಿತು. ಬಿಸಿ ರೋಲಿಂಗ್‌ನಲ್ಲಿ ತಗಡಿನ ಮೇಲ್ಮೈಗೆ ತುಸು ಕೆಳಗಿನ ಪದರ ಓರೆಯಾಗಿ ಜಾರುತ್ತದೆ; ಗಾಸ್ ಹರಳುಗಳ ಮೂಲ ಅಲ್ಲಿದೆ. ಕೋಲ್ಡ್ ರೋಲಿಂಗ್ ಮುಗಿಸಿ ಸುಮಾರು 800 ಡಿಗ್ರಿಗೆ ಕಾಯಿಸಿದಾಗ ಹುಟ್ಟುವ ಅಸಂಖ್ಯ ಪುಟ್ಟ ಹರಳುಗಳಲ್ಲಿ ಅವು ಬಹಳ ಕಡಿಮೆ. ಎಲ್ಲವೂ ಒಟ್ಟಿಗೆ ಬೆಳೆದರೆ ಅವು ಗುಂಪಿನಲ್ಲಿ ಕಳೆದೇಹೋಗುತ್ತವೆ. ಆ ಬೆಳವಣಿಗೆಯನ್ನು ತಡೆಯುವುದು ಮ್ಯಾಂಗನೀಸ್ ಮತ್ತು ಗಂಧಕ ಕೂಡಿದ ಮ್ಯಾಂಗನೀಸ್ ಸಲ್ಫೈಡಿನ ಅತಿಸಣ್ಣ ಕಣಗಳು ಎಂದು 1958ರಲ್ಲಿ ಮೇ ಮತ್ತು ಟರ್ನ್‌ಬುಲ್ ಎಂಬ ವಿಜ್ಞಾನಿಗಳು ತೋರಿಸಿದರು. ಹರಳುಗಳ ಗಡಿಯನ್ನು ಇವು ಅಲುಗದಂತೆ ಹಿಡಿದಿರುತ್ತವೆ. ಕುಲುಮೆ ಇನ್ನೂ ಬಿಸಿಯಾದಂತೆ ಕಣಗಳ ಹಿಡಿತ ಸಡಿಲುತ್ತದೆ. ಆಗ ಗಾಸ್ ಹರಳುಗಳು ಮೊದಲು ಬಿಡಿಸಿಕೊಂಡು ನೆರೆಯ ಹರಳುಗಳನ್ನೆಲ್ಲ ನುಂಗುತ್ತ ಹೋಗುತ್ತವೆ. ಉಕ್ಕಿನಲ್ಲಿ ಗಂಧಕವೆಂದರೆ ಕಲ್ಮಶ. ಅದನ್ನೇ ಬೇಕೆಂದು ಉಳಿಸಿಕೊಂಡು ದುಡಿಸುವ ಈ ಉಪಾಯ ಲೋಹಶಾಸ್ತ್ರದ ದೊಡ್ಡ ಜಾಣತನಗಳಲ್ಲೊಂದು ಎಂದೇ ನನ್ನ ಎಣಿಕೆ.

ಮುಂದಿನ ಜಿಗಿತವೂ ಜಪಾನಿನದೇ. ಟಾಗುಚಿ ಮತ್ತು ಸಾಕಾಕುರಾ ಗಡಿ ಹಿಡಿಯುವ ಕಣಗಳಾಗಿ ಸಾರಜನಕದ ಸಂಯುಕ್ತವಾದ ಅಲ್ಯೂಮಿನಿಯಂ ನೈಟ್ರೈಡ್ ಬಳಸಿ, ಒಂದೇ ಸಲದ ಕೋಲ್ಡ್ ರೋಲಿಂಗ್‌ನಲ್ಲಿ ಶೇ 80ಕ್ಕೂ ಮಿಕ್ಕಿ ದಪ್ಪ ಇಳಿಸಿದರು. ತಗಡಿನ ಉದ್ದದ ದಿಕ್ಕಿನಿಂದ ಹರಳುಗಳ ಸರಾಸರಿ ಓರೆ ಸುಮಾರು 7 ಡಿಗ್ರಿಯಿಂದ 3ಕ್ಕೆ ಇಳಿಯಿತು. 1968ರಲ್ಲಿ ಈ ತಗಡು ಹೈ-ಬಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1970ರ ದಶಕದಲ್ಲಿ ಕವಾಸಕಿ ಸ್ಟೀಲ್ ಆಂಟಿಮನಿ ಮತ್ತು ಸೆಲೆನಿಯಂ ಹಿಡಿದು ಬೇರೆಯೇ ದಾರಿ ಮಾಡಿಕೊಂಡಿತು.

ಗಾಸ್ ಹರಳುಗಳೇ ಮೊದಲು ಬಿಡಿಸಿಕೊಳ್ಳುವುದೇಕೆ? ನೆರೆಹರಳಿನೊಂದಿಗೆ ಒಂದು ನಿರ್ದಿಷ್ಟ ಕೋನದ ಹೊಂದಿಕೆಯಿರುವ ಗಡಿಗಳು ಬೇಗ ಕಳಚುತ್ತವೆ ಎನ್ನುವವರಿದ್ದಾರೆ. ಹೆಚ್ಚು ಶಕ್ತಿಯ ಗಡಿಗಳೇ ವೇಗವಾಗಿ ಚಲಿಸುತ್ತವೆ ಎನ್ನುವವರೂ ಇದ್ದಾರೆ. ಈ ವಾದ ತೀರ್ಮಾನವಾಗಿಲ್ಲ.

ಕವಾಸಕಿ ಸ್ಟೀಲಿನ ವಾರಸುದಾರ ಕಂಪನಿಯಾದ ಜೆಎಫ್‌ಇ, ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಇದೇ ಬಗೆಯ ತಗಡು ತಯಾರಿಸಲು 2023ರಲ್ಲಿ ಜೆಎಸ್‌ಡಬ್ಲ್ಯೂ ಜೊತೆ ಒಪ್ಪಂದ ಮಾಡಿಕೊಂಡಿತು. ಇಂಥ ತಂತ್ರ ಗೊತ್ತಿರುವವರು ಜಗತ್ತಿನಲ್ಲಿ ಕೆಲವೇ ಮಂದಿ. ಸಿದ್ಧ ತಗಡನ್ನು ಪರೀಕ್ಷಿಸಿದರೆ ಶೇ 3ರಷ್ಟು ಸಿಲಿಕಾನ್ ಇರುವುದು ಯಾರಿಗಾದರೂ ತಿಳಿದೀತು. ಹರಳುಗಳನ್ನು ತಡೆದು ನಿಲ್ಲಿಸಿದ್ದ ಗಂಧಕ, ಸಾರಜನಕ ಎಷ್ಟಿದ್ದವೆಂಬುದು ಮಾತ್ರ ತಿಳಿಯದು. ಕೊನೆಗೆ 1200 ಡಿಗ್ರಿಯ ಹೈಡ್ರೋಜನ್ ಕುಲುಮೆಯಲ್ಲಿ ಅವು ಹೆಚ್ಚೂಕಡಿಮೆ ಪೂರ್ತಿ ಹೊರಟುಹೋಗಿರುತ್ತವೆ.