24 ಕ್ರೆಡಿಟ್‌ನ ಮೈನರ್: ಯಾವ ಪೇಪರ್ ಲೆಕ್ಕಕ್ಕೆ ಬರುತ್ತದೆ?

ಜನವರಿಯಲ್ಲಿ ಐದನೇ ಸೆಮ್ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಅಂಕಪಟ್ಟಿಗಳನ್ನೆಲ್ಲ ನನ್ನ ಮೇಜಿನ ಮೇಲೆ ಹರಡಿದಳು. ಮೇಜರ್ (ಮುಖ್ಯ ವಿಷಯ) ಸಮಾಜಶಾಸ್ತ್ರ, ಮೈನರ್ (ಅದರ ಜೊತೆಗಿನ ಎರಡನೇ ವಿಷಯ) ಮನಃಶಾಸ್ತ್ರ. "ಇನ್ನೊಂದು ಪೇಪರ್ ಮುಗಿಸಿದ್ರೆ ಮೈನರ್ ಆಯ್ತಲ್ವಾ ಮೇಡಂ?" ಅಂದಳು. ಇಬ್ಬರೂ ಕೂತು ಎಣಿಸಿದೆವು. ನಾಲ್ಕು ಕ್ರೆಡಿಟ್‌ನ ಪೇಪರ್ ನಾಲ್ಕು, ಒಟ್ಟು 16. ಐದನೆಯದು ಅಂತ ಅವಳು ನಂಬಿದ್ದು ಮೊದಲ ಸೆಮ್‌ನಲ್ಲಿ ಓದಿದ ಮೂರು ಕ್ರೆಡಿಟ್‌ನ ಪೇಪರು. ಅದರ ಹೆಸರಿನಲ್ಲಿ ಮನಃಶಾಸ್ತ್ರ ಇತ್ತು ನಿಜ. ಆದರೆ ಅಂಕಪಟ್ಟಿಯಲ್ಲಿ ಅದರ ಪಕ್ಕ 'ಮಲ್ಟಿಡಿಸಿಪ್ಲಿನರಿ' ಎಂದಿತ್ತು, ಅಂದರೆ ಬೇರೆ ವಿಷಯಗಳ ಪರಿಚಯಕ್ಕೆಂದು ಇರುವ ಪೇಪರ್. ಮೈನರ್ ಲೆಕ್ಕಕ್ಕೆ ಅದು ಬರುವುದಿಲ್ಲ. ಕೊನೆಯ ಸೆಮ್‌ನಲ್ಲಿ ಮೇಜರ್‌ನ ಹೊರೆಯ ಜೊತೆಗೆ ಎರಡು ಪೇಪರ್ ಓದಬೇಕಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ಎದ್ದು ಹೋದಳು. ಎರಡನೇ ಸೆಮ್‌ನಲ್ಲೇ ಯಾರಾದರೂ ಅವಳನ್ನು ಕೂರಿಸಿಕೊಂಡು ಹೇಳಬೇಕಿತ್ತು.

ಲೆಕ್ಕ ಹೀಗಿದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪದವಿ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್. ಅದರಲ್ಲಿ ಮೇಜರ್‌ಗೆ 60, ಮೈನರ್‌ಗೆ 24, ಮಲ್ಟಿಡಿಸಿಪ್ಲಿನರಿಗೆ 9. ಉಳಿದದ್ದು ಭಾಷೆ, ಕೌಶಲ, ಮೌಲ್ಯಾಧಾರಿತ ಪೇಪರ್ ಮತ್ತು ಇಂಟರ್ನ್‌ಶಿಪ್‌ಗೆ. ನಾಲ್ಕು ವರ್ಷ ಓದಿದರೆ ಮೈನರ್ 32 ಕ್ರೆಡಿಟ್ ಆಗುತ್ತದೆ. ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ, ಪ್ರಾಯೋಗಿಕವಾದರೆ 30 ಗಂಟೆ. ಮೈನರ್ ಯಾವುದೆಂದು ಎರಡನೇ ಸೆಮ್ ಕೊನೆಗೆ ಘೋಷಿಸಬಹುದು. ಇನ್ನೊಂದು ಸಣ್ಣ ನಿಯಮ ಹಲವರಿಗೆ ಗೊತ್ತಿಲ್ಲ: ಪಿಯುಸಿಯಲ್ಲಿ ಓದಿದ ವಿಷಯವನ್ನೇ ಮಲ್ಟಿಡಿಸಿಪ್ಲಿನರಿಯಲ್ಲಿ ಮತ್ತೆ ಆರಿಸುವಂತಿಲ್ಲ. ಪಿಯುಸಿಯಲ್ಲಿ ಮನಃಶಾಸ್ತ್ರ ಓದಿದ್ದರೆ ಆ ಬಾಗಿಲು ಮುಚ್ಚಿತು. ಮೈನರ್‌ನ ಬಾಗಿಲು ತೆರೆದೇ ಇರುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಇಲ್ಲಿ ಶುರುವಾದದ್ದು 2021-22ರಲ್ಲಿ. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಅಣ್ಣನಿಗೆ ಅನ್ವಯಿಸಿದ ನಿಯಮ ತಂಗಿಗೆ ಅನ್ವಯಿಸಲಿಕ್ಕಿಲ್ಲ. ನೀವು ಸೇರಿದ ವರ್ಷದ ರೆಗ್ಯುಲೇಷನ್ ಪ್ರತಿಯನ್ನು ಕೈಯಲ್ಲಿ ಹಿಡಿದೇ ಮಾತಾಡಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಮನಃಶಾಸ್ತ್ರದ ಜೊತೆಗೆ ಧರ್ಮದ ಅಧ್ಯಯನವನ್ನೂ ಓದಿ ಎಂದು ನಾನು ಹೇಳುತ್ತಿರುತ್ತೇನೆ. ಆದರೆ ಅದು ನಮ್ಮಲ್ಲಿ ಪದವಿ ಮಟ್ಟದಲ್ಲಿ ಸ್ವತಂತ್ರ ಮೈನರ್ ಆಗಿ ಸಿಗುವುದು ಅಪರೂಪ. ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ, ಕ್ರೈಸ್ತಧರ್ಮ ಅಧ್ಯಯನ ವಿಭಾಗಗಳು, ಧಾರವಾಡದ ಬಸವೇಶ್ವರ ಪೀಠ ಇವೆಲ್ಲ ಹೆಚ್ಚಾಗಿ ಸ್ನಾತಕೋತ್ತರ ಹಂತದವು. ಪದವಿಯಲ್ಲಿ ತತ್ವಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸದ ಪೇಪರ್‌ಗಳೊಳಗೇ ಧರ್ಮವನ್ನು ಹುಡುಕಿಕೊಳ್ಳಬೇಕು. ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೆ ಮನಃಶಾಸ್ತ್ರ, ಧರ್ಮದ ಅಧ್ಯಯನ ಎರಡೂ ಮೈನರ್‌ಗಳು ಸುಲಭವಾಗಿ ಸಿಗುತ್ತವೆ. ಸಾಮಾನ್ಯವಾಗಿ ಐದಾರು ಕೋರ್ಸ್, 15ರಿಂದ 21 ಕ್ರೆಡಿಟ್. ಅಲ್ಲಿ ವಿಚಾರಿಸಬೇಕಾದದ್ದು ಒಂದೇ ಕೋರ್ಸನ್ನು ಮೇಜರ್, ಮೈನರ್ ಎರಡಕ್ಕೂ ಎಣಿಸಬಹುದೇ ಎಂಬುದನ್ನು. ಕಾಲೇಜಿನಿಂದ ಕಾಲೇಜಿಗೆ ಅದು ಬೇರೆ.

ಎರಡನ್ನೂ ಜೊತೆಯಾಗಿ ಓದಬೇಕೆಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ಕ್ಲಾಸಿನಲ್ಲಿ ಒಮ್ಮೆ ಒಬ್ಬ ಹುಡುಗ ತನ್ನ ದೊಡ್ಡಮ್ಮನ ಮೈಮೇಲೆ ಅಮಾವಾಸ್ಯೆಗೆ ದೇವರು ಬರುವುದನ್ನು ವಿವರಿಸಿ, "ಇದು ಕಾಯಿಲೆನಾ?" ಎಂದು ಕೇಳಿದ. ಬರೀ ಮನಃಶಾಸ್ತ್ರ ಓದಿದವರು ಹೌದೆಂದು ಬಿಡುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಮಾತ್ರ ಸ್ಪಷ್ಟವಾಗಿದೆ: ಆ ಸಮುದಾಯ ಒಪ್ಪಿಕೊಂಡ ಧಾರ್ಮಿಕ ಆಚರಣೆಯ ಭಾಗವಾಗಿ ಮೈಮೇಲೆ ಬಂದರೆ ಅದನ್ನು ಕಾಯಿಲೆ ಎನ್ನುವಂತಿಲ್ಲ. ಸಮುದಾಯ ಏನನ್ನು ಒಪ್ಪಿದೆ ಎಂದು ತಿಳಿಯಲು ಧರ್ಮವನ್ನು ಓದಿರಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಸಮೀಪದ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು, 28 ಜನ. ಮರುವರ್ಷವೇ ನಿಮ್ಹಾನ್ಸ್‌ನ ತಜ್ಞರಿದ್ದ ತಂಡವೊಂದು ತಮಿಳುನಾಡಿನದೇ ಒಂದು ದೇವಸ್ಥಾನದಲ್ಲಿ ಮಾನಸಿಕ ಕಾಯಿಲೆ ವಾಸಿಯಾಗಲೆಂದು ಉಳಿದುಕೊಂಡಿದ್ದ 31 ಜನರ ಅಧ್ಯಯನ ಪ್ರಕಟಿಸಿತು; ರೋಗಲಕ್ಷಣಗಳು ಸುಮಾರು 20%ರಷ್ಟು ಇಳಿದಿದ್ದವು. ಈ ಎರಡನ್ನೂ ಒಂದೇ ವಾರದಲ್ಲಿ ಪಾಠ ಮಾಡುತ್ತೇನೆ. ಆ ವಾರ ಯಾರೂ ಮೊಬೈಲ್ ನೋಡುವುದಿಲ್ಲ.

ಪೇಪರ್‌ಗಳ ಕ್ರಮವೂ ಮುಖ್ಯ. ಮೊದಲು ಸಾಮಾನ್ಯ ಮನಃಶಾಸ್ತ್ರ, ಆಮೇಲೆ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ, ಅದಾದ ಮೇಲೆ ಅಸಾಮಾನ್ಯ ಮನಃಶಾಸ್ತ್ರ. ಸಂಖ್ಯಾಶಾಸ್ತ್ರಕ್ಕೆ ಹೆದರಿ ಅದನ್ನು ಕೊನೆಗೆ ತಳ್ಳಬೇಡಿ. ಆ 20% ಎಂಬ ಅಂಕಿ ಎಷ್ಟು ಗಟ್ಟಿ, ಹೋಲಿಕೆಗೆ ಬೇರೆ ಗುಂಪು ಇತ್ತೇ ಎಂದು ಕೇಳಲು ಬರುವುದು ಆ ಪೇಪರ್‌ನಿಂದಲೇ.

'ಸರ್ಟಿಫಿಕೇಟ್' ಪದ ಬಹಳ ಗೊಂದಲ ಹುಟ್ಟಿಸುತ್ತದೆ. ಯುಜಿಸಿ ಚೌಕಟ್ಟಿನ ಯುಜಿ ಸರ್ಟಿಫಿಕೇಟ್ ಎಂದರೆ ಮೊದಲ ವರ್ಷದ 40 ಕ್ರೆಡಿಟ್ ಮತ್ತು ಬೇಸಿಗೆಯಲ್ಲಿ 4 ಕ್ರೆಡಿಟ್‌ನ ವೃತ್ತಿಪರ ಕೋರ್ಸ್ ಮುಗಿಸಿ ಓದು ಬಿಡುವವರಿಗೆ ಸಿಗುವುದು; ಮೂರು ವರ್ಷದೊಳಗೆ ಮರಳಿ ಬರಬಹುದು. ಕಾಲೇಜುಗಳು ನಡೆಸುವ ಆಡ್-ಆನ್ ಸರ್ಟಿಫಿಕೇಟ್ ಬೇರೆ. ವಾರಾಂತ್ಯದ 'ಕೌನ್ಸೆಲಿಂಗ್ ಸರ್ಟಿಫಿಕೇಟ್' ಅದಕ್ಕಿಂತಲೂ ಬೇರೆ. ಇವುಗಳಲ್ಲಿ ಯಾವುದೂ, ಮೈನರ್ ಕೂಡ, ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಬೋರ್ಡ್ ಹಾಕಲು ಹಕ್ಕು ಕೊಡುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಅರ್ಹತೆ, ನೋಂದಣಿ ಬೇಕು. ದೂರಶಿಕ್ಷಣ, ಆನ್‌ಲೈನ್ ಪದವಿಗಳಲ್ಲಿ ಮನಃಶಾಸ್ತ್ರಕ್ಕೆ ಹೊಸ ಪ್ರವೇಶವನ್ನೂ ಯುಜಿಸಿ 2025ರ ಜುಲೈ-ಆಗಸ್ಟ್ ಅವಧಿಯಿಂದ ನಿಲ್ಲಿಸಿದೆ. ದುಡ್ಡು ಕಟ್ಟುವ ಮುಂಚೆ ಇದು ತಿಳಿದಿರಲಿ.

ಆ ವಿದ್ಯಾರ್ಥಿನಿ ಜೂನ್‌ನಲ್ಲಿ ಎರಡೂ ಪೇಪರ್ ಪಾಸು ಮಾಡಿಕೊಂಡಳು. ಈಗ ಎರಡನೇ ಸೆಮ್ ಮುಗಿಯುವ ಹೊತ್ತಿಗೆ ನನ್ನ ತರಗತಿಯ ಪ್ರತಿಯೊಬ್ಬರೂ ಅಂಕಪಟ್ಟಿ ತಂದು, ಪ್ರತಿ ಪೇಪರಿನ ಪಕ್ಕ ಅದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಪೆನ್ಸಿಲ್‌ನಲ್ಲಿ ಬರೆದ ಮೇಲೆಯೇ ಮೈನರ್ ಫಾರಂಗೆ ಸಹಿ ಹಾಕುತ್ತೇನೆ.